ಗಂಧದ ಬೊಟ್ಟು ಎಳೆದ ಗೆರೆ

ಜೆರಾಕ್ಸ್ ಮಿಷನ್ ರಿಪೇರಿಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಂಪನಿಯವರು ಮೊದಲು ಪದಗಳನ್ನು ಕಲಿಸುತ್ತಾರೆ. ಡ್ರಮ್, ಟೋನರ್, ಫ್ಯೂಸರ್, ಫೀಡರ್ ಅಂತ ಬಣ್ಣದ ಚಿತ್ರ ತೋರಿಸಿ ಬಾಯಿಪಾಠ ಮಾಡಿಸುತ್ತಾರೆ. ಕಲಿಯಿರಿ, ಬೇಡ ಅನ್ನುವುದಿಲ್ಲ. ನಾನೂ ಕಲಿತೆ. ಆ ಪದಗಳನ್ನೇ ಜಪ ಮಾಡಿಕೊಂಡು, ಸ್ಕ್ರೂ ಡ್ರೈವರ್ ಚೀಲ ಹೆಗಲಿಗೆ ಹಾಕಿಕೊಂಡು, ಚೆನ್ನೈನ ತ್ರಿಪ್ಲಿಕೇನ್‌ನಿಂದ ಮಣಲಿಗೆ, ಮಣಲಿಯಿಂದ ಎಣ್ಣೂರಿಗೆ ಬಸ್ಸಿನಲ್ಲಿ ನೇತಾಡಿ ಆಯುಷ್ಯ ಕಳೆದೆ. ಮಿಷನ್ನುಗಳು ಸರಿಹೋದವು. ಬೇರೆ ಏನೂ ಸರಿಹೋಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಮುದುಕ ಸುಳ್ಳು ಆಸೆ ಹುಟ್ಟಿಸಿದ ಅನ್ನಬೇಡಿ.

ನಮ್ಮ ಮನೆ ತಾತನ ಕಾಲದಿಂದಲೂ ತ್ರಿಪ್ಲಿಕೇನ್‌ನಲ್ಲೇ. ಹೊಸ್ತಿಲ ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಆಫೀಸಿನಲ್ಲಿ ಇಂಗ್ಲಿಷು. ಅಣ್ಣಂದಿರಿಬ್ಬರೂ ಬ್ಯಾಂಕು ಸೇರಿ ಮರ್ಯಾದಸ್ಥರಾದರು. ನಾನು ಟೋನರಿನ ಕರಿ ಪುಡಿ ಮೆತ್ತಿಕೊಂಡು ಮನೆಗೆ ಬರುತ್ತಿದ್ದೆ. 'ಗುರುರಾಜ ಕಂಪ್ಯೂಟರ್ ಥರದ್ದೇ ಏನೋ ಮಾಡ್ತಾನೆ' ಅಂತ ಅಮ್ಮ ಮದುವೆಮನೆಗಳಲ್ಲಿ ಹೇಳಿಕೊಳ್ಳುತ್ತಿದ್ದಳು. ನನ್ನ ಅಂಗಿಯ ತೋಳು ನೋಡಿದವರಿಗೆ ಅದು ಏನು ಅಂತ ತಿಳಿದೇ ಇರುತ್ತಿತ್ತು.

ನನಗೆ ಕೆಲಸ ಕಲಿಸಿದವರು ವರದನ್ ಎನ್ನುವ ಸೀನಿಯರ್. ಮಹಾ ಮುಂಗೋಪಿ. ನಮ್ಮ ಬೀದಿಯ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ನಾನು ಮೊದಲ ಸಲ ಒಬ್ಬನೇ ಹೋಗಿ, ಇಡೀ ಮಿಷನ್ ಬಿಚ್ಚಿ ನೆಲದ ಮೇಲೆ ಹರಡಿಕೊಂಡು ಕೂತಿದ್ದೆ. ಅಕ್ಷರಗಳ ಹಿಂದೆ ಅದೇ ಅಕ್ಷರ ಮಸುಕಾಗಿ ಮತ್ತೆ ಮೂಡುತ್ತಿತ್ತು. ಅದಕ್ಕೆ ನಮ್ಮ ಕಸುಬಿನಲ್ಲಿ ಘೋಸ್ಟ್ ಅನ್ನುತ್ತಾರೆ. ವರದನ್ ಬಂದವರು ಮಿಷನ್ ಕಡೆ ತಿರುಗಿಯೂ ನೋಡಲಿಲ್ಲ. ಕೆಟ್ಟ ಕಾಪಿಯನ್ನು ನನ್ನ ಮೂಗಿಗೆ ಹಿಡಿದು, "ಮುದಲ್ಲ ಕಾಪಿಯ ಪಾರು. ಅಪ್ಪುರಂ ಮಿಷನ್" ಅಂದರು. ಮೊದಲು ಕಾಪಿ ನೋಡು, ಮಿಷನ್ ಆಮೇಲೆ. ಆಮೇಲೆ ನಾನು ಎಷ್ಟು ವರ್ಷ ದುಡಿದರೂ ಅದಕ್ಕಿಂತ ದೊಡ್ಡದೇನನ್ನೂ ಕಲಿಯಲಿಲ್ಲ.

ಕಾಪಿ ಎಲ್ಲವನ್ನೂ ಹೇಳುತ್ತದೆ. ಒಂದೇ ಚುಕ್ಕೆ ಒಂದೇ ಅಂತರದಲ್ಲಿ ಮತ್ತೆ ಮತ್ತೆ ಬಿದ್ದರೆ ತಿರುಗುವ ಯಾವುದೋ ಉರುಳೆಗೆ ಗಾಯವಾಗಿದೆ. ಕೈಯಿಂದ ಉಜ್ಜಿದರೆ ಅಕ್ಷರ ಅಳಿಸಿ ಬಂದರೆ ಫ್ಯೂಸರ್ ಸರಿಯಾಗಿ ಕಾಯುತ್ತಿಲ್ಲ. ಪುಡಿಯನ್ನು ಕಾಗದಕ್ಕೆ ಬೇಯಿಸಿ ಅಂಟಿಸುವುದು ಅದರ ಕೆಲಸ. ಪುಟದ ಈ ತುದಿಯಿಂದ ಆ ತುದಿಯವರೆಗೆ ನೇರ ಗೆರೆ ಬಂದರೆ, ಕಾಗದ ಓಡುವ ದಾರಿಯಲ್ಲಿ ಓಡದೆ ನಿಂತಿರುವ ಏನೋ ಒಂದು ಇದೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ.

ಎಣ್ಣೂರಿನ ಆಫೀಸುಗಳದ್ದು ಬೇರೆಯೇ ಗೋಳು. ಒಂದು ಕಡೆ ಸಮುದ್ರದ ತೇವ, ಇನ್ನೊಂದು ಕಡೆ ವಿದ್ಯುತ್ ಸ್ಥಾವರದ ಬೂದಿ. ಕಾಗದ ಹಪ್ಪಳದ ಹಾಗೆ ಮುದುರಿಕೊಂಡು ಒಳಗೆ ಸಿಕ್ಕಿ ಬೀಳುತ್ತಿತ್ತು. ಒಂದು ಆಫೀಸಿನಲ್ಲಿ ಫ್ಯೂಸರ್ ಬೆಚ್ಚಗಿರುತ್ತದೆ ಅಂತ ಹಲ್ಲಿ ಒಳಗೆ ಹೋಗಿ ಸೇರಿಕೊಂಡು ಸತ್ತಿತ್ತು. ಅದನ್ನು ಚಿಮಟದಲ್ಲಿ ತೆಗೆದುಕೊಟ್ಟರೆ ಅಲ್ಲಿನ ಅಧಿಕಾರಿ, "ಹಲ್ಲಿ ಎಎಂಸಿಯಲ್ಲಿ ಕವರ್ ಆಗತ್ತಾ?" ಅಂತ ಕೇಳಿದ. ಎಎಂಸಿ ಅಂದರೆ ವರ್ಷದ ರಿಪೇರಿ ಕರಾರು. ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಇಂಥವರ ಕೆಳಗೆ ಕೆಲಸ ಮಾಡುವವರ ಪಾಡು ಏನು ಅಂತ ಆಗ ಯೋಚಿಸಿರಲಿಲ್ಲ.

ನಮ್ಮ ಕಾಲದಲ್ಲೇ ಮಿಷನ್ನಿನ ಜಾತಿ ಬದಲಾಯಿತು. ಹಳೆಯದು ದಡ್ಡ ಮಿಷನ್; ಕಂಡದ್ದನ್ನು ಕಂಡ ಹಾಗೆ ಅಚ್ಚು ಹಾಕುತ್ತಿತ್ತು. ಹೊಸದು ಬುದ್ಧಿವಂತ. ಏನು ಕಾಣಬೇಕು, ಏನು ಕಾಣಬಾರದು ಅಂತ ತೀರ್ಮಾನ ಮಾಡುತ್ತದೆ. ಹಿನ್ನೆಲೆ ಅಳಿಸುವುದು ಅಂತ ಒಂದು ಸೌಲಭ್ಯ; ಕಾಗದದ ಮೇಲಿನ ಮಾಸಲು ಬಣ್ಣವನ್ನೆಲ್ಲ ಬಿಳಿ ಮಾಡುತ್ತದೆ. ಅಂಚು ಅಳಿಸುವುದು ಅಂತ ಇನ್ನೊಂದು. ಪುಟದ ನಾಲ್ಕೂ ಕಡೆ ಬರುವ ಕರಿ ಅಂಚನ್ನು ಕತ್ತರಿಸಿ ಚೊಕ್ಕಟ ಮಾಡುತ್ತದೆ. ಗಿರಾಕಿಗಳಿಗೆ ಇವನ್ನು ಹೊಗಳಿ ವಿವರಿಸುವುದೂ ನಮ್ಮ ಕೆಲಸವಾಗಿತ್ತು. ನಾನೂ ಹೊಗಳಿದ್ದೇನೆ. ಈಗ ಆ ಪದಗಳು ಕಿವಿಗೆ ಬಿದ್ದರೆ ಎದ್ದು ಹೊರಗೆ ಹೋಗುತ್ತೇನೆ. ಯಾಕೆ ಅಂತ ಹೇಳುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ಮಣಲಿಯ ಒಂದು ಕಾರ್ಖಾನೆಗೆ ನಾನು ವರ್ಷಗಟ್ಟಲೆ ಹೋಗುತ್ತಿದ್ದೆ. ಹೆಸರು ಬೇಡ. ಗೇಟಿನ ಹತ್ತಿರ ಇಳಿದರೆ ಕಣ್ಣು ಉರಿಯುವಷ್ಟು ವಾಸನೆ. ಮಿಷನ್ ಇದ್ದದ್ದು ಆಡಳಿತ ವಿಭಾಗದ ಹೊರಗಿನ ಓಣಿಯಲ್ಲಿ. ಅಲ್ಲಿನ ಅಡ್ಮಿನ್ ಆಫೀಸರ್ ಪ್ರಕಾಶ್ ಮಂಡ್ಯದ ಕಡೆಯ ಹುಡುಗ. ಚೆನ್ನೈಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ನನ್ನ ಕನ್ನಡ ಕೇಳಿದ ದಿನ ಕುರ್ಚಿ ಎಳೆದು ಕೂರಿಸಿದ. "ಏನ್ ಸಾರ್, ನೀವು ನಮ್ಮೋರೇ ಅಂತ ಇಷ್ಟು ದಿನ ಹೇಳ್ಲೇ ಇಲ್ವಲ್ಲ. ಬನ್ನಿ, ಕಾಫಿ ಕುಡಿಯೋಣ" ಅಂದ. ಒಳ್ಳೆಯವನೇ. ಎಲ್ಲ ನೀಟಾಗಿರಬೇಕು ಅನ್ನುವ ಚಟ. ಅಂಚು ಅಳಿಸುವ ಸೌಲಭ್ಯವನ್ನು ಯಾವಾಗಲೂ ಹಾಕಿಯೇ ಇಡುತ್ತಿದ್ದ.

ಆ ಓಣಿಯಲ್ಲಿ ಕನ್ನಡ ಆಡುವ ಇನ್ನೊಬ್ಬರಿದ್ದರು. ಮುನಿಯಮ್ಮ, ಗುಡಿಸಿ ಒರೆಸುವ ಕೆಲಸದವಳು. ಹೊಸೂರು ಕಡೆಯವಳು, ಮದುವೆಯಾಗಿ ಎಣ್ಣೂರಿನ ಕುಪ್ಪಕ್ಕೆ, ಅಂದರೆ ಮೀನುಗಾರರ ಕೇರಿಗೆ, ಬಂದವಳು. ಗಂಡ ಅಳಿವೆಯಲ್ಲಿ ಬಲೆ ಹಾಕುತ್ತಿದ್ದವನು. ಬೂದಿ ಬಿದ್ದು ಬಿದ್ದು ಮೀನು ಹೋಯಿತು, ಅವನು ಮನೆಯಲ್ಲಿ ಕೂತ. ಮನೆ ನಡೆಯುತ್ತಿದ್ದದ್ದು ಈಕೆಯ ಕೆಲಸದಿಂದ. ಕಂಟ್ರಾಕ್ಟರು ಬದಲಾದರೂ ಕೆಲಸದವರ ಪಟ್ಟಿ ಹೊಸಬನಿಗೆ ಹೋಗುತ್ತಿತ್ತು, ಆಕೆ ಉಳಿಯುತ್ತಿದ್ದಳು.

ಮಿಷನ್ನು ಕಂಡರೆ ಆಕೆಗೆ ವಿಪರೀತ ಪ್ರೀತಿ. 'ನಮ್ಮ ಮಿಷನ್ನು' ಅನ್ನುತ್ತಿದ್ದಳು. ಒದ್ದೆ ಬಟ್ಟೆ ಮುಟ್ಟಿಸಬೇಡ, ಗಾಜಿನ ಮೇಲೆ ಏನೂ ಇಡಬೇಡ ಅಂತ ನಾನು ಒಂದು ಸಲ ಹೇಳಿದ್ದನ್ನು ವೇದವಾಕ್ಯ ಮಾಡಿಕೊಂಡಿದ್ದಳು. ಯಾರಾದರೂ ಟೀ ಲೋಟ ಇಟ್ಟರೆ, "ಗುರುರಾಜ್ ಸಾರ್ ಬಯ್ತಾರೆ, ಎತ್ಕಳ್ಳಿ" ಅಂತ ಮ್ಯಾನೇಜರ್‌ಗೂ ಹೇಳುತ್ತಿದ್ದಳಂತೆ. ನಾನು ಯಾರನ್ನೂ ಬಯ್ದವನಲ್ಲ. ಆದರೂ ಕೇಳಲು ಹಿತವಾಗಿತ್ತು.

ನಮ್ಮ ಕಡೆ ಆಫೀಸುಗಳಲ್ಲಿ ಆಯುಧ ಪೂಜೆಯನ್ನು ರಜೆಯ ಹಿಂದಿನ ದಿನವೇ ಮುಗಿಸುತ್ತಾರೆ. ಬಾಗಿಲಿಗೆ ಬಾಳೆಕಂದು, ಕಂಪ್ಯೂಟರಿಗೆ ಹೂವು, ಎಲ್ಲ ಮಿಷನ್ನಿಗೂ ಗಂಧ ಕುಂಕುಮ, ಕೈಗೆ ಪುರಿ ಕಡಲೆ. ಆ ವರ್ಷವೂ ಹಾಗೇ ಆಯಿತು. ರಜೆ ಮುಗಿದ ಮೇಲೆ ಎಲ್ಲ ಕಡೆಯಿಂದ ಕಂಪ್ಲೇಂಟು. ಒಬ್ಬ ಕರ್ಪೂರ ಹಚ್ಚಿ ಪ್ಲಾಸ್ಟಿಕ್ ಕರಗಿಸಿದ್ದ, ಇನ್ನೊಬ್ಬನ ಟ್ರೇಯಲ್ಲಿ ಪುರಿ. ಮಣಲಿಯಿಂದ ಬಂದದ್ದು, ಕಾಪಿಯಲ್ಲಿ ಗೆರೆ ಬರುತ್ತಿದೆ ಅಂತ. ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಕೆಲವು ದಿನ ಕಳೆದಿದ್ದವು.

ಗೇಟಿನ ಹೊರಗೆ ಸೈಕಲ್ ನಿಲ್ಲಿಸುವ ಕಡೆ ಮುನಿಯಮ್ಮ ಕೂತಿದ್ದಳು. ಕೆಲಸದ ನೀಲಿ ಕೋಟು ಮಡಚಿ ತೊಡೆಯ ಮೇಲಿತ್ತು.

"ಏನಮ್ಮಾ, ಇಲ್ಲಿ ಕೂತಿದ್ದೀಯ?"

"ಒಳಕ್ಕೆ ಬುಡ್ತಾ ಇಲ್ಲ ಸಾರ್. ಹೊಸ ಕಂಟ್ರಾಕ್ಟು ಬಂತಲ್ಲ, ಲಿಸ್ಟಲ್ಲಿ ನನ್ ಹೆಸ್ರು ಹೊಡ್ದಾಕವ್ರೆ. ಪೇನಾದಲ್ಲಿ ಗೀಚವ್ರೆ, ನಾನೇ ಕಣ್ಣಾರೆ ನೋಡ್ದೆ." ಧ್ವನಿ ತಗ್ಗಿಸಿದಳು. "ಪ್ರಕಾಶ್ ಸಾರೇ ಹೊಡ್ದಿರೋದು. ಅವತ್ತೊಂದಿನ ಅವ್ರ ಟಿಫನ್ ಬಾಕ್ಸ್ ತೊಳ್ಯಕ್ಕೆ ಮರ್ತಿದ್ದೆ. ಅದಕ್ಕೆ ಯಾರಾನಾ ಹೊಟ್ಟೆ ಮ್ಯಾಲೆ ಹೊಡೀತಾರಾ ಸಾರ್? ಅವ್ರಿಗೆ ನನ್ ಕಂಡ್ರೆ ಅಷ್ಟು ಅಸಯ್ಯನಾ?"

ಕೆಲಸ ಹೋದದ್ದಕ್ಕಿಂತ ಆ ದ್ವೇಷ ಆಕೆಯನ್ನು ಹೆಚ್ಚು ಸುಡುತ್ತಿತ್ತು. ಕೇಳಿ ಹೇಳುತ್ತೇನೆ ಅಂತ ಒಳಗೆ ಹೋದೆ.

ವರದನ್ ಕಲಿಸಿದ ಹಾಗೆ ಮೊದಲು ಕಾಪಿ ನೋಡಿದೆ. ಪುಟಕ್ಕೆ ಅಡ್ಡಲಾಗಿ, ಅಕ್ಷರದ ಸಾಲಿಗೆ ಸಮನಾಗಿ, ಕೂದಲೆಳೆಯಷ್ಟು ಕಪ್ಪು ಗೆರೆ. ದೊಡ್ಡ ಗಾಜಿನ ಮೇಲೆ ಇಟ್ಟು ತೆಗೆದರೆ ಗೆರೆ ಇಲ್ಲ. ಕಾಗದವನ್ನು ತಾನೇ ಎಳೆದುಕೊಳ್ಳುವ ಮೇಲಿನ ಫೀಡರಿನಲ್ಲಿ ಹಾಕಿದರೆ ಮಾತ್ರ ಇದೆ. ಆಗಲೇ ಅರ್ಥವಾಯಿತು. ಫೀಡರಿನಲ್ಲಿ ಹಾಕಿದ ಕಾಗದ ದೊಡ್ಡ ಗಾಜಿನ ಮೇಲೆ ಕೂರುವುದಿಲ್ಲ. ಅದರ ಪಕ್ಕದಲ್ಲಿ ಬೆರಳಗಲದ ಒಂದು ಗಾಜಿನ ಪಟ್ಟಿ ಇದೆ, ಅದರ ಮೇಲೆ ಹಾದು ಓಡುತ್ತದೆ. ಕೆಳಗೆ ಮಿಷನ್ನಿನ ಕಣ್ಣು ನಿಂತಿರುತ್ತದೆ, ಕಾಗದ ಓಡುತ್ತದೆ. ದೊಡ್ಡ ಗಾಜಿನ ಮೇಲಿನ ಚುಕ್ಕೆ ಕಾಪಿಯಲ್ಲೂ ಚುಕ್ಕೆಯೇ. ಆ ಪಟ್ಟಿಯ ಮೇಲಿನ ಚುಕ್ಕೆ ಈ ತುದಿಯಿಂದ ಆ ತುದಿಗೆ ಗೆರೆ; ಅಲ್ಲಿ ಕಾಗದ ಅಡ್ಡ ಮಲಗಿ ಓಡುತ್ತಿದ್ದರಿಂದ ಗೆರೆ ಅಕ್ಷರದ ಸಾಲಿನ ಜೊತೆಗೇ ಬೀಳುತ್ತಿತ್ತು.

ಮುಚ್ಚಳ ಎತ್ತಿದೆ. ಪಟ್ಟಿಯ ಮೇಲೆ ಗಂಧದ ಪುಟ್ಟ ಬೊಟ್ಟು, ನಡುವೆ ಕುಂಕುಮ.

ಯಾರು ಇಟ್ಟದ್ದು ಅಂತ ಕೇಳಬೇಕಾಗಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ದೊಡ್ಡ ಗಾಜಿನ ನಡುವೆಯೇ ಬಳಿದಿರುತ್ತಿದ್ದರು. ಗಾಜಿನ ಮೇಲೆ ಏನೂ ಇಡಬೇಡ ಅಂದದ್ದನ್ನು ನೆನಪಿಟ್ಟುಕೊಂಡವಳು ಒಬ್ಬಳೇ. ಗಾಜು ಬಿಟ್ಟು, ಪಕ್ಕದ್ದು ಬರೀ ಅಂಚು ಅಂದುಕೊಂಡು, ಮಿಷನ್ನಿಗೆ ನೋವಾಗದ ಹಾಗೆ ಇಟ್ಟಿದ್ದಳು. ಕಸುಬಿನ ಎಂಥೆಂಥ ಎಡವಟ್ಟು ನೋಡಿದ್ದೇನೆ, ಇಷ್ಟು ಜೋಪಾನವಾಗಿ ಮಾಡಿದ್ದನ್ನು ನೋಡಿರಲಿಲ್ಲ.

ಬೊಟ್ಟು ಇರುವಾಗ ಒಂದು ಕಾಪಿ ತೆಗೆದೆ. ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ ಇನ್ನೊಂದು ತೆಗೆದೆ. ಎರಡನ್ನೂ ಪ್ರಕಾಶನ ಮೇಜಿನ ಮೇಲಿಟ್ಟು, "ರಜೆ ಮುಗಿದ ಮೇಲೆ ಹೊಸ ಕಂಟ್ರಾಕ್ಟರಿಗೆ ಕಳಿಸಿದ ಕೆಲಸದವರ ಪಟ್ಟಿಯ ಕಾಪಿ ತೋರಿಸಿ" ಅಂದೆ.

ಅವನು ಫೈಲು ಬಿಚ್ಚಿದ. ಅದೇ ಎತ್ತರದಲ್ಲಿ, ಪ್ರತಿ ಪುಟದಲ್ಲೂ ಅದೇ ಗೆರೆ. ಒಂದು ಪುಟದಲ್ಲಿ ಅದು ತಲೆಬರಹದ ಕೆಳಗೆ ಬಿದ್ದಿತ್ತು, ಅಡಿಗೆರೆ ಎಳೆದ ಹಾಗೆ. ಇನ್ನೊಂದರಲ್ಲಿ ಎರಡು ಹೆಸರುಗಳ ಸಂದಿಯಲ್ಲಿ. ಕೊನೆಯ ಪುಟದಲ್ಲಿ ಮುನಿಯಮ್ಮನ ಹೆಸರಿನ ನಟ್ಟನಡುವೆ. ಅಂಚು ಅಳಿಸುವ ಸೌಲಭ್ಯ ಗೆರೆಯ ಎರಡೂ ತುದಿಗಳನ್ನು ಕತ್ತರಿಸಿತ್ತು. ಪುಟದ ಅಂಚಿನವರೆಗೆ ಹೋಗಿದ್ದರೆ ಮಿಷನ್ನಿನ ಗೆರೆ ಅಂತ ಗೊತ್ತಾಗುತ್ತಿತ್ತು. ಹಿನ್ನೆಲೆ ಅಳಿಸುವ ಸೌಲಭ್ಯ ಗಂಧದ ಮಸುಕನ್ನು ಬಿಳಿ ಮಾಡಿ ಕುಂಕುಮದ ಗೆರೆ ಮಾತ್ರ ಉಳಿಸಿತ್ತು. ನಾವು ಹೊಗಳಿ ಮಾರಿದ್ದೆಲ್ಲ ಸೇರಿ, ಯಾರೋ ಸ್ಕೇಲ್ ಇಟ್ಟು ಪೆನ್ನಿನಲ್ಲಿ ಹೊಡೆದ ಹಾಗೆ ಮಾಡಿದ್ದವು. ಅದರ ಕೆಳಗೆ ಪ್ರಕಾಶನ ಸೀಲು, ಸಹಿ.

ಅವನ ಮುಖ ಬಿಳುಚಿಕೊಂಡಿತು. "ದೇವ್ರಾಣೆ ಸಾರ್, ನಾನ್ ಹೊಡ್ದಿಲ್ಲ. ನೋಡ್ದೆ ಸಹಿ ಹಾಕ್ಬಿಟ್ಟೆ."

"ಗೊತ್ತು. ಈಗ ಸರಿ ಮಾಡಿ."

ಅಲ್ಲೇ ಕಂಟ್ರಾಕ್ಟರಿನ ಸೂಪರ್‌ವೈಸರಿಗೆ ಫೋನು ಮಾಡಿದ. ಆ ಕಡೆಯವನು, ಆ ಜಾಗಕ್ಕೆ ಬೇರೆಯವರನ್ನು ಹಾಕಿಯಾಗಿದೆ, ಬೇಕಾದರೆ ಬರೆದು ಕಳಿಸಿ ನೋಡೋಣ ಅಂದ. "ನಾಳೆ ಬೆಳಿಗ್ಗೆ ಬರ್ದು ಕಳಿಸ್ತೀನಿ ಸಾರ್. ಹೆಸರು ತಪ್ಪಿ ಬಿಟ್ಟೋಗಿದೆ ಅಂತ ಅಷ್ಟೇ ಹಾಕ್ತೀನಿ. ಆಗುತ್ತೆ" ಅಂದ ಪ್ರಕಾಶ್. ನನಗೂ ಆಗುತ್ತದೆ ಅನ್ನಿಸಿತು. ಅನ್ನಿಸದೆ ಏನು? ಕಾರಣ ಸಿಕ್ಕಿತ್ತು, ಒರೆಸಿದ್ದೂ ಆಗಿತ್ತು. ಮಿಷನ್ನಿನ ವಿಷಯದಲ್ಲಿ ಅಷ್ಟಾದರೆ ಕೆಲಸ ಮುಗಿದ ಹಾಗೆ.

ಹೊರಗೆ ಬಂದು ಮುನಿಯಮ್ಮನಿಗೆ ಎಲ್ಲ ಹೇಳಿದೆ. ಯಾರೂ ಹೊಡೆದಿಲ್ಲ, ಪ್ರಕಾಶ್ ನಿನ್ನನ್ನು ದ್ವೇಷಿಸುವುದಿಲ್ಲ, ನೀನಿಟ್ಟ ಬೊಟ್ಟು ಗೆರೆಯಾಗಿ ಬಿತ್ತು ಅಷ್ಟೇ ಅಂದೆ. ಆಕೆ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ನಕ್ಕಳು. ನಿಜವಾಗಿ ನಕ್ಕಳು.

"ನನ್ ಬೊಟ್ಟಾ ಸಾರ್? ಹಂಗಾದ್ರೆ ಯಾರೂ ಹೊಡ್ದಿಲ್ಲ! ಪಾಪ, ಆ ಸಾರನ್ನ ನಾನು ಏನೇನೋ ಅಂದ್ಕಂಡ್ನಲ್ಲ. ಮಿಷನ್ನಿಗೆ ಏನೂ ಆಗಿಲ್ವಾ?"

"ಏನೂ ಆಗಿಲ್ಲ. ಒರೆಸಿದೆ, ಹೋಯಿತು."

"ಅಬ್ಬಾ. ಅಷ್ಟು ಸಾಕು ಸಾರ್."

ಮರುದಿನ ಪ್ರಕಾಶನ ಕಾಗದ ಹೊರಡುವ ಮೊದಲೇ ಆಕೆ ಸೂಪರ್‌ವೈಸರನ ಮುಂದೆ ಹೋಗಿ ನಿಂತಳು. ನಿಜ ಹೇಳಿದರೆ ಬಾಗಿಲು ತೆರೆಯುತ್ತದೆ ಅಂತ ನಂಬಿದ್ದಳು. ನಾನೇ ಬೊಟ್ಟಿಟ್ಟದ್ದು ಸಾರ್, ಅದೇ ಗೆರೆ ಆಗಿರೋದು, ನನ್ನನ್ನ ಯಾರೂ ತೆಗೆದಿಲ್ಲ, ಮಿಷನ್ ಸಾರನ್ನು ಬೇಕಾದರೆ ಕೇಳಿ ಅಂದಳಂತೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ಕಾರ್ಖಾನೆಗೆ ತಿಳಿಸಿದ: ಈ ಹೆಂಗಸು ಆಫೀಸಿನ ಮಿಷನ್ ಹಾಳು ಮಾಡಿ ದಾಖಲೆ ಕೆಡಿಸಿದ್ದಾಳೆ, ತಾನೇ ಒಪ್ಪಿಕೊಂಡಿದ್ದಾಳೆ, ಇವಳನ್ನು ತೆಗೆದುಕೊಳ್ಳುವುದಿಲ್ಲ.

ಸುದ್ದಿ ತಿಳಿದು ನಾನು ಕೆಲಸದ ನಡುವೆಯೇ ಮಣಲಿಗೆ ಓಡಿದೆ. ಸೂಪರ್‌ವೈಸರನಿಗೆ ಕೈ ಮುಗಿಯುವುದೊಂದು ಬಾಕಿ. ಮಿಷನ್ ಹಾಳಾಗಿಲ್ಲಪ್ಪಾ, ಇಷ್ಟು ಹತ್ತಿಯಲ್ಲಿ ಒರೆಸಿ ಹೋದದ್ದು, ಇಷ್ಟು ವರ್ಷ ಆ ಮಿಷನ್ ಉಳಿದಿರುವುದೇ ಆಕೆಯಿಂದ ಅಂತ ಕೂಗಾಡಿದೆ. ಅವನು ಸಿಟ್ಟಾಗಲೂ ಇಲ್ಲ. "ಮಿಷನ್ ಉಂಗಳದು ಸಾರ್, ಆಳು ಎಂಗಳದು" ಅಂದ. ಮಿಷನ್ ನಿಮ್ಮದು, ಆಳು ನಮ್ಮದು. ನಾನು ಪ್ರಕಾಶನ ಹತ್ತಿರ ಹೋದೆ.

ಪ್ರಕಾಶ್ ಬರೆದದ್ದು ಬರೆದ ಹಾಗೇ ಮೇಜಿನ ಮೇಲಿತ್ತು. "ಇನ್ನು ಇದನ್ನ ಕಳಿಸಿದ್ರೆ, ನೋಡದೆ ಯಾಕೆ ಸಹಿ ಹಾಕ್ದೆ ಅಂತ ನನ್ನ ಕೇಳ್ತಾರೆ ಸಾರ್. ಆಯಮ್ಮ ಒಂದಿನ ಬಾಯ್ ಮುಚ್ಕೊಂಡಿದ್ದಿದ್ರೆ ಆಗೋಗಿರೋದು." ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳಿದ. "ಬಿಡಿ ಸಾರ್, ಏನ್ ಮಾಡಕ್ಕಾಗುತ್ತೆ." ಆ ನೀರಿನಿಂದ ಏನು ಪ್ರಯೋಜನ? ಅವನನ್ನು ಹೊಡೆಯಬೇಕು ಅನ್ನಿಸಿತು. ಹೊಡೆಯಲಿಲ್ಲ. ಅವನು ಕೊಟ್ಟ ಕಾಫಿ ಕುಡಿದೇ ಬಂದೆ.

ಆಮೇಲೆ ಆ ಮಿಷನ್ನಿನ ಮೇಲೆ, ಗುಡಿಸುವವರು ಇದನ್ನು ಮುಟ್ಟಬಾರದು ಅಂತ ಚೀಟಿ ಅಂಟಿಸಿದರು. ಯಾರೂ ಮುಟ್ಟಲಿಲ್ಲ. ಧೂಳು ಕೂತು ಪದೇ ಪದೇ ಕೆಡತೊಡಗಿತು. ಹೋದಾಗಲೆಲ್ಲ ಆ ಗಾಜಿನ ಪಟ್ಟಿ ಒರೆಸುತ್ತಿದ್ದೆ. ಪುಟದ ಮೇಲೆ ಗೆರೆ ಬರುವುದೇನೂ ನಿಲ್ಲಲಿಲ್ಲ. ಈಗಿನದು ಧೂಳಿನ ಗೆರೆ. ಅದಕ್ಕೆ ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ.

ಆಕೆಗೆ ನಿಜ ಹೇಳಬಾರದಾಗಿತ್ತೇ? ಎಷ್ಟೋ ಸಲ ಯೋಚಿಸಿದ್ದೇನೆ. ಹೇಳದಿದ್ದರೆ ಪ್ರಕಾಶನನ್ನು ಶಪಿಸುತ್ತ ಕೆಲಸಕ್ಕೆ ಹೋಗುತ್ತಿದ್ದಳು. ಹೇಳಿದ್ದರಿಂದ ಯಾರನ್ನೂ ಶಪಿಸದೆ ಮನೆಯಲ್ಲಿ ಕೂತಳು. ಇದರಲ್ಲಿ ಯಾವುದು ಮೇಲು ಅಂತ ಹೊಸದಾಗಿ ಸೇರುವವರು ಬುದ್ಧಿ ಇದ್ದರೆ ಹೇಳಿ.

ನಾನು ನಿವೃತ್ತನಾದ ವರ್ಷ, ಆಯುಧ ಪೂಜೆಯ ದಿನ, ಎಣ್ಣೂರಿಗೆ ಹೋದೆ. ಹೆಂಡತಿ ಸುಧಾ ಡಬ್ಬಿಗೆ ಕಡಲೆ ಉಸಲಿ ತುಂಬಿಕೊಟ್ಟಳು. "ಹಬ್ಬದ ದಿನ ಯಾರಾದ್ರೂ ಮೀನು ಕುಪ್ಪಕ್ಕೆ ಹೋಗ್ತಾರಾ? ಹೋಗ್ಬಿಟ್ಟು ಬಂದು ಸ್ನಾನ ಮಾಡಿ" ಅಂದಳು. ಮಗಳು ಫೋನಿನಿಂದ ಕಣ್ಣೆತ್ತದೆ, "ವಿಡುಂಗಮ್ಮಾ, ಪೋಯಿಟ್ಟು ವರಟ್ಟುಂ" ಅಂದಳು. ಬಿಡಮ್ಮಾ, ಹೋಗಿ ಬರಲಿ.

ಮುನಿಯಮ್ಮ ಮನೆಯ ಮುಂದೆಯೇ ಚೀಲ ಹಾಸಿ ಒಣಮೀನು ಮಾರುತ್ತಿದ್ದಳು. ಇಳಿದುಹೋಗಿದ್ದಳು. ನನ್ನನ್ನು ಕಂಡವಳೇ ಎದ್ದು, ಒಳಗಿನಿಂದ ಪ್ಲಾಸ್ಟಿಕ್ ಕುರ್ಚಿ ತಂದು, ಸೆರಗಿನಿಂದ ಒರೆಸಿ ಹಾಕಿದಳು. "ನಮ್ಮ ಮಿಷನ್ನು ಚೆಂದಾಗೈತಾ ಸಾರ್?" ಅಂತ ಮೊದಲು ಕೇಳಿದಳು. ಚೆನ್ನಾಗಿದೆ ಅಂದೆ. ಗಂಡ ಬಾಗಿಲಲ್ಲಿ ಕೂತು ಸಮುದ್ರದ ಕಡೆ ನೋಡುತ್ತಿದ್ದ.

ಪೂಜೆ ಆಗಬೇಕಿತ್ತು. ಇದ್ದದ್ದು ಒಂದು ತಕ್ಕಡಿ, ಒಂದು ಕತ್ತಿ. ತಕ್ಕಡಿಯ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿಟ್ಟಿದ್ದಳು. ಬಟ್ಟಲಿನಲ್ಲಿ ಗಂಧ ಕಲಸಿದಳು. ಕತ್ತಿಯ ಹಿಡಿಗೆ ಬೊಟ್ಟಿಟ್ಟಳು. ಉಂಗುರ ಬೆರಳಿಗೆ ಮತ್ತೆ ಗಂಧ ತೆಗೆದುಕೊಂಡು ತಕ್ಕಡಿಯ ಹತ್ತಿರ ತಂದಳು. ಅಲ್ಲೇ ನಿಲ್ಲಿಸಿದಳು.

"ಸಾರ್, ಇಲ್ಲಿಟ್ರೆ ತೂಕ ತಪ್ಪಲ್ವಾ?"

"ಇಲ್ಲಮ್ಮ. ಇಡು."

"ಮ್ಯಾಗಡೆ ದಿಂಡಿನ ಮ್ಯಾಲಿಟ್ರೆ?"

"ಎಲ್ಲಿಟ್ಟರೂ ಏನೂ ಆಗೋದಿಲ್ಲ. ನಾನು ಹೇಳ್ತಿದ್ದೀನಲ್ಲ, ಇಡು."

ತಲೆಯಾಡಿಸಿದಳು. ಬೆರಳು ತಟ್ಟೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತಿತ್ತು. ಆಮೇಲೆ ಆ ಗಂಧವನ್ನು ಸೆರಗಿಗೆ ಒರೆಸಿಕೊಂಡು, ತಕ್ಕಡಿಗೆ ದೂರದಿಂದಲೇ ಕೈ ಮುಗಿದಳು.